ಹೊತ್ತು ಮೀರುವ ಮುನ್ನ

ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಪ್ರಯಾಣಿಕನ ಕಥೆಯನ್ನು ಸಂತ ಲೂಕರ ಶುಭಸಂದೇಶದ 10ನೆಯ ಅಧ್ಯಾಯದಿಂದ ನಾವೆಲ್ಲರೂ ಎಷ್ಟೋ ಬಾರಿ ಕೇಳಿದ್ದೇವೆ. ಸಮಾರಿಯದವನ ಕರುಣೆಯನ್ನು ಕುರಿತ ಪ್ರಬೋಧನೆಗಳನ್ನೂ ಕೇಳಿದ್ದೇವೆ. ಆದರೆ ಆತನು ಮಾಡಿದ ಕೆಲಸಗಳ ಕ್ರಮವನ್ನು ಗಮನಿಸಿದವರು ಕಡಿಮೆ. ಆತನು ಹತ್ತಿರ ಹೋದನು. ಗಾಯಗಳಿಗೆ ಕಟ್ಟು ಕಟ್ಟಿದನು. ತನ್ನ ವಾಹನದ ಮೇಲೆ ಕುಳ್ಳಿರಿಸಿ ಛತ್ರಕ್ಕೆ ಸಾಗಿಸಿದನು. ಆರೈಕೆಯ ಖರ್ಚಿಗೆಂದು ಎರಡು ನಾಣ್ಯಗಳನ್ನು ಕೊಟ್ಟನು. ನೋಡುವುದು, ಕೈಲಾದ ಪ್ರಥಮ ಚಿಕಿತ್ಸೆ ಮಾಡುವುದು, ಸಾಗಿಸುವುದು, ಬಲ್ಲವರಿಗೆ ಒಪ್ಪಿಸುವುದು. ಇಂದಿನ ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ರೋಗಿಯ ಮನೆಯವರಿಂದ ಬಯಸುವುದೂ ಇಷ್ಟನ್ನೇ.

ಈ ವಾರ ಈ ಮಾತನ್ನು ಎತ್ತಿಕೊಳ್ಳಲು ಕಾರಣವಿದೆ. ಹುಮನಾಬಾದಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ 65ನೆಯ ಹೆದ್ದಾರಿ ಬಸವಕಲ್ಯಾಣದ ಪಕ್ಕದಲ್ಲಿಯೇ ಹಾದು ಬರುತ್ತದೆ. ಬೀದರ್–ಕಲಬುರಗಿ ರಸ್ತೆ ಅದನ್ನು ಅಡ್ಡ ಹಾಯುತ್ತದೆ. ಎರಡೂ ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಆದರೆ ದೊಡ್ಡ ಆಸ್ಪತ್ರೆ ಎಂದರೆ ಬೀದರಿನ ಬ್ರಿಮ್ಸ್ ಅಥವಾ ಕಲಬುರಗಿ. ಹುಮನಾಬಾದಿನಿಂದ ಬೀದರಿಗೆ ಸುಮಾರು 50 ಕಿಲೋಮೀಟರು, ಕಲಬುರಗಿಗೆ 60ಕ್ಕಿಂತ ತುಸು ಹೆಚ್ಚು. ಬಸವಕಲ್ಯಾಣದಿಂದ ಎರಡೂ ಕಡೆಗೆ ಸುಮಾರು 80. ಒಳಗಿನ ಹಳ್ಳಿಗಳಿಂದ ಇನ್ನೂ ದೂರ. ಈ ದೂರವನ್ನು ನಾವು ಕಡಿಮೆ ಮಾಡಲಾರೆವು. ಆದರೆ ಕಾಯಿಲೆ ಕಾಣಿಸಿಕೊಂಡ ಗಳಿಗೆಯಿಂದ ವಾಹನ ಹೊರಡುವ ಗಳಿಗೆಯವರೆಗಿನ ಹೊತ್ತು ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ‘ಬೆಳಗಾಗಲಿ, ನೋಡೋಣ’, ‘ಗ್ಯಾಸ್ ಇರಬೇಕು’, ‘ಮೊದಲು ಮಂತ್ರಿಸಿಕೊಂಡು ಬರೋಣ’ ಎಂಬ ಮಾತುಗಳಲ್ಲಿ ಕಳೆದುಹೋಗುವುದು ಈ ಹೊತ್ತೇ.

ನಾವಿಲ್ಲಿ ವೈದ್ಯರ ಕೆಲಸವನ್ನು ಕಲಿಸಲು ಹೊರಟಿಲ್ಲ. ಯಾವ ಲಕ್ಷಣ ಕಂಡರೆ ಕಾಯಬಾರದು, ಹೊರಡುವ ಮುನ್ನ ಏನು ಮಾಡಬೇಕು, ಏನು ಮಾಡಬಾರದು, ಆಸ್ಪತ್ರೆಯಲ್ಲಿ ವೈದ್ಯರು ಏನನ್ನು ಹುಡುಕುತ್ತಾರೆ ಎಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕೆಂಬುದಷ್ಟೇ ನಮ್ಮ ಅಪೇಕ್ಷೆ.

ಕ್ಯಾಜುವಾಲಿಟಿಯ ಒಳಗೆ

ತುರ್ತು ವಿಭಾಗದಲ್ಲಿ ಮನೆಯವರಿಗೆ ಬರುವ ಮೊದಲ ಕೋಪವೆಂದರೆ ‘ನಾವು ಮೊದಲು ಬಂದೆವು, ಆಮೇಲೆ ಬಂದವರನ್ನು ಒಳಗೆ ಕರೆದರು’ ಎಂಬುದು. ಅಲ್ಲಿ ಸರದಿ ಬಂದ ಹೊತ್ತಿನಂತೆ ನಡೆಯುವುದಿಲ್ಲ, ಪ್ರಾಣಾಪಾಯದಂತೆ ನಡೆಯುತ್ತದೆ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯನಾಗಿದ್ದ ಡೊಮಿನಿಕ್ ಲಾರೆ ಎಂಬಾತನು ಗಾಯಾಳುಗಳನ್ನು ಅವರ ಹುದ್ದೆ ನೋಡದೆ ಗಾಯದ ತೀವ್ರತೆಯನ್ನಷ್ಟೇ ನೋಡಿ ವಿಂಗಡಿಸುವ ಪದ್ಧತಿಯನ್ನು ಬಳಕೆಗೆ ತಂದನು. ಇಂದು ಅದೇ ಪದ್ಧತಿ ಕೆಂಪು, ಹಳದಿ, ಹಸಿರು ಎಂಬ ಗುರುತುಗಳಾಗಿ ಉಳಿದಿದೆ. ಕೈ ಮುರಿದು ನೋವಿನಿಂದ ಕೂಗುವವನಿಗಿಂತ, ಕೂಗಲೂ ಆಗದೆ ಮಂಕಾಗಿ ಮಲಗಿರುವ ಮಗುವನ್ನು ಮೊದಲು ನೋಡಲಾಗುತ್ತದೆ.

ರೋಗ ಯಾವುದೆಂದು ತಿಳಿಯುವ ಮೊದಲೇ ವೈದ್ಯರು ಮೂರು ಸಂಗತಿಗಳನ್ನು ನೋಡುತ್ತಾರೆ. ಉಸಿರಿನ ದಾರಿ ತೆರೆದಿದೆಯೇ? ಉಸಿರಾಟ ಸಾಕಷ್ಟಿದೆಯೇ? ರಕ್ತಸಂಚಾರ ಸರಿಯಾಗಿದೆಯೇ? ಇವುಗಳಲ್ಲಿ ಯಾವುದು ಕೆಟ್ಟಿದ್ದರೂ ಅದನ್ನು ಸರಿಪಡಿಸಿದ ನಂತರವೇ ಮುಂದಿನ ಪ್ರಶ್ನೆ. ಪ್ರಜ್ಞೆ ತಪ್ಪಿದವರ ರಕ್ತದಲ್ಲಿನ ಸಕ್ಕರೆಯನ್ನು ಆಗಲೇ ಪರೀಕ್ಷಿಸುತ್ತಾರೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರ ಇಳಿದರೆ ಬೆವರು, ನಡುಕ, ತೊದಲು ಮಾತು ಕಾಣಿಸಿಕೊಂಡು, ಅದು ಲಕ್ವದಂತೆಯೂ ತೋರಬಹುದು.

ಈ ಹೊತ್ತಿನಲ್ಲಿ ಮನೆಯವರು ಕೊಡುವ ಮಾಹಿತಿಯೇ ಅರ್ಧ ರೋಗನಿರ್ಣಯ. ಯಾವಾಗ ಆರಂಭವಾಯಿತು, ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದಾರೆ, ಯಾವ ಔಷಧಿ ಒಗ್ಗುವುದಿಲ್ಲ, ಕೊನೆಯ ಊಟ ಯಾವಾಗ ಆಯಿತು ಎಂಬುದನ್ನು ಹೇಳಬೇಕು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಬೆರೆಯುವ ನಮ್ಮ ಸೀಮೆಯಲ್ಲಿ ಗಾಬರಿಯ ಹೊತ್ತಿನಲ್ಲಿ ಮಾತು ತಪ್ಪಾಗಿ ಮುಟ್ಟುವುದುಂಟು. ಆದುದರಿಂದ ಮಾತ್ರೆಯ ಚೀಟಿಗಳನ್ನೂ ಹಳೆಯ ವರದಿಗಳನ್ನೂ ಒಂದೇ ಚೀಲದಲ್ಲಿಟ್ಟು, ಆ ಚೀಲವನ್ನೇ ಕೊಂಡೊಯ್ಯುವುದು ಒಳಿತು.

ಎದೆನೋವು ಮತ್ತು ಲಕ್ವ

ಎದೆಯ ನಡುಭಾಗದಲ್ಲಿ ಒತ್ತಿದಂತೆ, ಹಿಂಡಿದಂತೆ ನೋವು, ಅದು ಎಡಗೈಗೆ, ದವಡೆಗೆ ಅಥವಾ ಬೆನ್ನಿಗೆ ಹರಿಯುವುದು, ತಣ್ಣನೆಯ ಬೆವರು, ಏದುಸಿರು. ಇವು ಹೃದಯಾಘಾತದ ಪರಿಚಿತ ಲಕ್ಷಣಗಳು. ಆದರೆ ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವು ಸ್ಪಷ್ಟವಾಗಿ ಇಲ್ಲದೆಯೂ ಹೃದಯಾಘಾತವಾಗಬಹುದು. ಬರೀ ಉಬ್ಬಸ, ಹೊಟ್ಟೆಯ ಮೇಲ್ಭಾಗದ ಸಂಕಟ, ಹಿಂದೆಂದೂ ಇಲ್ಲದ ಸುಸ್ತು ಕಂಡರೂ ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸಬಾರದು. ರೋಗಿಯನ್ನು ನಡೆಸಬೇಡಿರಿ, ಮೋಟರ್ ಸೈಕಲ್ ಓಡಿಸಲು ಬಿಡಬೇಡಿರಿ. ಒರಗಿ ಕೂರಿಸಿ 108ಕ್ಕೆ ಕರೆ ಮಾಡಿರಿ.

ಆಸ್ಪತ್ರೆ ಮುಟ್ಟಿದ 10 ನಿಮಿಷಗಳೊಳಗೆ ಇಸಿಜಿ ತೆಗೆಯಬೇಕೆಂಬುದು ವೈದ್ಯಲೋಕದ ನಿಯಮ. ಮೊದಲ ಇಸಿಜಿ ಸರಿಯಾಗಿದ್ದರೂ ಆಘಾತವಿಲ್ಲವೆಂದು ಹೇಳಲಾಗದು. ಅದಕ್ಕಾಗಿಯೇ ವೈದ್ಯರು ಸ್ವಲ್ಪ ಹೊತ್ತಿನ ನಂತರ ಮತ್ತೊಂದನ್ನು ತೆಗೆಯುತ್ತಾರೆ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ‘ಇಸಿಜಿ ನಾರ್ಮಲ್ ಬಂತು, ಮನೆಗೆ ಹೋಗೋಣ’ ಎಂದು ಅವಸರ ಪಡಬಾರದು. ರಕ್ತನಾಳದಲ್ಲಿ ಹೆಪ್ಪು ಕಟ್ಟಿರುವುದು ಖಚಿತವಾದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಎಷ್ಟು ಬೇಗ ಕೊಟ್ಟರೆ ಹೃದಯದ ಸ್ನಾಯು ಅಷ್ಟು ಉಳಿಯುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಟೆನೆಕ್ಟೆಪ್ಲೇಸ್ ಎಂಬ ಈ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಉದ್ದೇಶದಿಂದ ರಾಜ್ಯ ಸರ್ಕಾರವು 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ದೊಡ್ಡ ಊರಿಗೇ ಹೋಗೋಣವೆಂದು ಹತ್ತಿರದ ಆಸ್ಪತ್ರೆಯನ್ನು ದಾಟಿ ಹೋಗುವವರು ಈ ಮಾತನ್ನು ನೆನಪಿಡಬೇಕು. ಮೊದಲ ಚಿಕಿತ್ಸೆ ಹತ್ತಿರದಲ್ಲಿ. ಆನಂತರ ಬೀದರ್ ಅಥವಾ ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆ.

ಲಕ್ವದ ಮಾತು ತುಸು ಬೇರೆ. ಬಾಯಿ ಒಂದು ಕಡೆಗೆ ವಾಲುವುದು, ಎರಡೂ ಕೈ ಎತ್ತಿಸಿದಾಗ ಒಂದು ಜೋತು ಬೀಳುವುದು, ಮಾತು ತೊದಲುವುದು. ಈ ಮೂರರಲ್ಲಿ ಒಂದು ಹಠಾತ್ತಾಗಿ ಕಂಡರೂ ಸಾಕು. ಮೆದುಳಿನ ರಕ್ತನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ. ನಾಳ ಒಡೆದು ರಕ್ತ ಸುರಿದಿದ್ದರೆ ಅದೇ ಔಷಧಿ ಪ್ರಾಣಕ್ಕೆ ಎರವಾದೀತು. ಎರಡರ ವ್ಯತ್ಯಾಸ ಹೊರಗಿನಿಂದ ಯಾರಿಗೂ ತಿಳಿಯದು, ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. ಆದುದರಿಂದ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಸಾಗಿಸುವಂತೆ 108ರವರಿಗೆ ಹೇಳಿರಿ. ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿರಿ. ನೀರನ್ನೂ ಕುಡಿಸಬೇಡಿರಿ, ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಣ್ಣೆ ತಿಕ್ಕಿಸಲು, ಬೇರು ಕುಡಿಸಲು ಊರೂರು ಅಲೆಯುವಷ್ಟರಲ್ಲಿ ಆ ನಾಲ್ಕೂವರೆ ಗಂಟೆ ತೀರಿಹೋಗಿರುತ್ತದೆ.

ಹೊಲದ ಅಪಾಯಗಳು

ತೊಗರಿ, ಸೋಯಾ, ಕಬ್ಬಿನ ಹೊಲಗಳಲ್ಲಿ ದುಡಿಯುವ ನಮ್ಮ ಜನರಿಗೆ ಹಾವಿನ ಭಯ ಹೊಸದಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಆಸ್ಪತ್ರೆಯಲ್ಲಿ ಒಂದೇ ಪ್ರತಿವಿಷವಿದೆ. ಆದುದರಿಂದ ಹಾವನ್ನು ಹುಡುಕಿ ಕೊಂದು ತರುವ ಅಗತ್ಯವಿಲ್ಲ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಿಯಿಂದ ಹೀರಬಾರದು, ಹಗ್ಗ ಬಿಗಿದು ಕಟ್ಟಬಾರದು. ಬಿಗಿದು ಕಟ್ಟಿದ ಕಾಲನ್ನೇ ಕಳೆದುಕೊಂಡವರಿದ್ದಾರೆ. ಕಾಲುಂಗುರ, ಬಳೆ, ಉಂಗುರಗಳನ್ನು ತೆಗೆದು, ಕಚ್ಚಿದ ಕೈಕಾಲನ್ನು ಒಂದು ಪಟ್ಟಿಗೆ ಆನಿಸಿ ಅಲುಗದಂತೆ ಇರಿಸಿ, ರೋಗಿಯನ್ನು ನಡೆಸದೆ ಹೊತ್ತುಕೊಂಡು ಹೋಗಬೇಕು. ಕಚ್ಚಿದ ಹೊತ್ತನ್ನು ಬರೆದಿಟ್ಟುಕೊಳ್ಳಬೇಕು.

ಕಟ್ಟುಹಾವಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನೆಲದ ಮೇಲೆ ಮಲಗಿದವರನ್ನು ಅದು ರಾತ್ರಿ ಕಚ್ಚುತ್ತದೆ. ನೋವಾಗಲಿ ಹಲ್ಲಿನ ಗುರುತಾಗಲಿ ಕಾಣದಿರಬಹುದು. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದವರ ರೆಪ್ಪೆಗಳು ಇಳಿಬೀಳುತ್ತಿದ್ದರೆ, ಮಾತು ಮೂಗಿನಲ್ಲಿ ಬರುತ್ತಿದ್ದರೆ ಕೂಡಲೇ ಹೊರಡಬೇಕು. ಮಂಡಲದ ಹಾವುಗಳ ವಿಷವನ್ನು ಗುರುತಿಸಲು ವೈದ್ಯರು ಮಾಡುವ ಪರೀಕ್ಷೆ ಸರಳವಾದುದು. ಒಣಗಿದ ಶುದ್ಧ ಗಾಜಿನ ನಳಿಗೆಯಲ್ಲಿ ಸ್ವಲ್ಪ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು ವಾಲಿಸಿ ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆಯೆಂದು ಅರ್ಥ. ಪ್ರತಿವಿಷದ ಪ್ರಮಾಣ ದೊಡ್ಡವರಿಗೂ ಮಗುವಿಗೂ ಒಂದೇ, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಚೇಳಿನ ಕಡಿತ ದೊಡ್ಡವರಿಗೆ ನೋವಷ್ಟೇ ಆಗಬಹುದು. ಆದರೆ ಮಕ್ಕಳಿಗೆ ಕೆಂಪು ಚೇಳು ಕುಟುಕಿದಾಗ ವಾಂತಿ, ವಿಪರೀತ ಬೆವರು, ಕೈಕಾಲು ತಣ್ಣಗಾಗುವುದು ಕಂಡರೆ ಹೃದಯಕ್ಕೆ ಪೆಟ್ಟಾಗುತ್ತಿದೆ ಎಂದು ತಿಳಿಯಬೇಕು. ನೆರೆಯ ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನಲ್ಲಿ ಕೆಲಸ ಮಾಡುತ್ತಿದ್ದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ರಕ್ತದೊತ್ತಡಕ್ಕೆ ಬಳಸುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಇಂತಹ ಮಕ್ಕಳನ್ನು ಉಳಿಸಬಲ್ಲದೆಂದು ತೋರಿಸಿಕೊಟ್ಟರು. ಹಳ್ಳಿಯ ವೈದ್ಯರೊಬ್ಬರ ಈ ಶೋಧನೆ ಇಂದು ದೇಶದ ಎಲ್ಲೆಡೆ ಬಳಕೆಯಲ್ಲಿದೆ.

ಹೊಲಕ್ಕೆ ಹೊಡೆಯುವ ಕೀಟನಾಶಕ ಮೈಗೆ ತಾಗಿದಾಗ ಅಥವಾ ಹೊಟ್ಟೆಗೆ ಹೋದಾಗ ಬಟ್ಟೆ ಕಳಚಿ ಸೋಪಿನಿಂದ ಮೈ ತೊಳೆಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಡಬ್ಬಿಯನ್ನು ಅಥವಾ ಅದರ ಚೀಟಿಯನ್ನು ತಪ್ಪದೆ ಕೊಂಡೊಯ್ಯಬೇಕು. ಯಾವ ವಿಷವೆಂದು ತಿಳಿದರೆ ಚಿಕಿತ್ಸೆ ಬೇಗ ಆರಂಭವಾಗುತ್ತದೆ.

ಇಲ್ಲಿ ಒಂದು ನೋವಿನ ಮಾತನ್ನೂ ಹೇಳಲೇಬೇಕು. ಬೇಕೆಂದೇ ವಿಷ ಸೇವಿಸಿದವರನ್ನು ಮಾನಕ್ಕೆ ಅಂಜಿ, ಪೋಲೀಸರಿಗೆ ಅಂಜಿ ಮನೆಯಲ್ಲಿಯೇ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅಂಥವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ. ಅವರಿಗೆ ಆರೈಕೆ ನೀಡುವುದು ಸರ್ಕಾರದ ಕರ್ತವ್ಯವೆನ್ನುತ್ತದೆ. ನಮ್ಮ ಧರ್ಮಸಭೆಯ ಬೋಧನೆಯೂ ಇಂಥವರನ್ನು ಕೈಬಿಡುವುದಿಲ್ಲ. ತೀವ್ರ ವೇದನೆ ಮನುಷ್ಯನ ಹೊಣೆಯನ್ನು ಕುಗ್ಗಿಸುತ್ತದೆಂದು ಕಥೋಲಿಕ ಧರ್ಮೋಪದೇಶ ಗ್ರಂಥ ಹೇಳುತ್ತದೆ. ವೈದ್ಯರಿಗೆ ನಿಜ ಹೇಳಿರಿ. ಜೀವ ಉಳಿದ ಮೇಲೆ ಮನಸ್ಸಿಗೂ ಆರೈಕೆ ಮಾಡಿಸಿರಿ. ಮನಸ್ಸು ಕುಸಿದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಹೆದ್ದಾರಿಯಲ್ಲಿ ಬಿದ್ದವರು

ಹೆದ್ದಾರಿಯ ಬದಿಯಲ್ಲಿ ಬದುಕುವ ನಮಗೆ ಸಮಾರಿಯದವನ ಸ್ಥಾನ ಯಾವ ದಿನವೂ ಒದಗಿ ಬರಬಹುದು. ‘ಎತ್ತಿದರೆ ಕೇಸು ಮೈಮೇಲೆ ಬರುತ್ತದೆ’ ಎಂಬ ಅಂಜಿಕೆ ಹಿಂದೆ ಇದ್ದುದು ನಿಜ. ಗಾಯಾಳುವಿಗೆ ಚಿಕಿತ್ಸೆ ನೀಡುವುದು ಪ್ರತಿಯೊಬ್ಬ ವೈದ್ಯನ ಮೊದಲ ಕರ್ತವ್ಯ, ಪೋಲೀಸ್ ವಿಧಿಗಳು ಆನಂತರ ಎಂದು ಸುಪ್ರೀಂ ಕೋರ್ಟು 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ತೀರ್ಪಿತ್ತಿತು. 2016ರಲ್ಲಿ ನೆರವಾಗುವ ಜನರ ರಕ್ಷಣೆಯ ಮಾರ್ಗಸೂಚಿಗಳಿಗೆ ಅದೇ ನ್ಯಾಯಾಲಯ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿ 134ಎ ಎಂಬ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ. ಶುಭಸಂದೇಶದ ಆ ಪರದೇಶಿಯ ಹೆಸರಿನಲ್ಲಿಯೇ ಈ ಕಾನೂನನ್ನು ಜನ ಕರೆಯುತ್ತಾರೆಂಬುದು ನಮಗೆ ಅಭಿಮಾನದ ಸಂಗತಿ. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿಗಳಷ್ಟು ಚಿಕಿತ್ಸೆ ನಗದು ಕಟ್ಟದೆ ದೊರೆಯಬೇಕು.

ಗಾಯಾಳುವಿನ ಕತ್ತು ಮತ್ತು ಬೆನ್ನನ್ನು ತಿರುಚದಂತೆ, ನಾಲ್ಕು ಜನ ಸೇರಿ ಒಂದೇ ಸಮನಾಗಿ ಎತ್ತಬೇಕು. ರಕ್ತ ಸುರಿಯುವಲ್ಲಿ ಶುದ್ಧವಾದ ಬಟ್ಟೆಯನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು; ಮತ್ತೆ ಮತ್ತೆ ತೆಗೆದು ನೋಡಬಾರದು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಬಿಡಬಾರದು. ತಲೆಗೆ ಪೆಟ್ಟು ಬಿದ್ದು ಎದ್ದು ಓಡಾಡಿದವನೂ ಆನಂತರ ಮೇಲಿಂದ ಮೇಲೆ ವಾಂತಿ ಮಾಡಿದರೆ, ನಿದ್ರೆಗೆ ಜಾರಿ ಎಬ್ಬಿಸಿದರೂ ಏಳದಿದ್ದರೆ, ಕಿವಿ ಮೂಗುಗಳಿಂದ ರಕ್ತ ಅಥವಾ ನೀರು ಸೋರಿದರೆ ತಡಮಾಡದೆ ಒಯ್ಯಬೇಕು.

ಬೇಸಿಗೆಯ ಮಾತನ್ನೂ ಇಲ್ಲಿಯೇ ಸೇರಿಸುತ್ತೇವೆ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲಿನಲ್ಲಿ ದುಡಿದವನು ಮೈ ಸುಡುತ್ತಾ, ತಡಬಡಿಸಿ ಮಾತಾಡುತ್ತಾ ಬಿದ್ದರೆ ಅದು ಬರೀ ತಲೆಸುತ್ತಲ್ಲ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಹಾಕಬೇಕು. ವಾಹನ ಬರುವವರೆಗೂ ತಣಿಸುತ್ತಲೇ ಇರಬೇಕು.

ಮಕ್ಕಳು ಚಿಕ್ಕ ದೊಡ್ಡವರಲ್ಲ

ಮಕ್ಕಳ ಕಾಯಿಲೆ ಬಲುಬೇಗ ಬಿಗಡಾಯಿಸುತ್ತದೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಅಷ್ಟೇ ಬೇಗ ಗುಣವಾಗುತ್ತದೆ. ಐದು ವರ್ಷದೊಳಗಿನ ಮಗುವಿನಲ್ಲಿ ನಾಲ್ಕು ಅಪಾಯದ ಗುರುತುಗಳನ್ನು ತಾಯಂದಿರು ಬಾಯಿಪಾಠ ಮಾಡಿಕೊಳ್ಳಬೇಕು. ಮಗು ಹಾಲು ಕುಡಿಯಲಾಗದಿರುವುದು, ಕುಡಿದುದನ್ನೆಲ್ಲ ವಾಂತಿ ಮಾಡುವುದು, ಫಿಟ್ಸ್ ಬರುವುದು, ಮಂಕಾಗಿ ಎಚ್ಚರ ತಪ್ಪಿದಂತಿರುವುದು. ಇವುಗಳಲ್ಲಿ ಒಂದು ಕಂಡರೂ ರಾತ್ರಿಯೋ ಹಗಲೋ ಎಂದು ನೋಡದೆ ಹೊರಡಬೇಕು. ಮೂರು ತಿಂಗಳೊಳಗಿನ ಹಸುಗೂಸಿಗೆ ಜ್ವರ ಬಂದರೆ ಅದೊಂದೇ ಸಾಕು.

ಕೆಮ್ಮು–ನೆಗಡಿಯೇ, ನ್ಯುಮೋನಿಯಾವೇ ಎಂಬುದನ್ನು ತಿಳಿಯಲು ವೈದ್ಯರು ಮಗುವಿನ ಅಂಗಿ ಸರಿಸಿ ಒಂದು ಪೂರ್ತಿ ನಿಮಿಷ ಉಸಿರನ್ನು ಎಣಿಸುತ್ತಾರೆ. ಎರಡು ತಿಂಗಳೊಳಗಿನ ಮಗುವಿನಲ್ಲಿ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಉಸಿರೆಳೆದಾಗ ಪಕ್ಕೆಲುಬುಗಳ ಕೆಳಭಾಗ ಒಳಗೆ ಸೇದುತ್ತಿದ್ದರೆ, ತುಟಿ ನೀಲಿಯಾದರೆ ಇನ್ನೂ ಅಪಾಯ. ಈ ಎಣಿಕೆಯನ್ನು ಗಡಿಯಾರ ಇರುವ ಯಾವ ತಾಯಿಯಾದರೂ ಮಾಡಬಹುದು. ಮಗು ಶಾಂತವಾಗಿರುವಾಗ ಎಣಿಸಬೇಕು, ಅಳುವಾಗ ಅಲ್ಲ.

ಜ್ವರ ಏರಿ ಮಗುವಿಗೆ ಫಿಟ್ಸ್ ಬಂದಾಗ ಮನೆಯೇ ನಡುಗುತ್ತದೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಇದು ವಿರಳವಲ್ಲ. ಹೆಚ್ಚಿನವು ಐದು ನಿಮಿಷಗಳೊಳಗೆ ತಾವೇ ನಿಲ್ಲುತ್ತವೆ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಗಡಿಯಾರ ನೋಡಬೇಕು. ಕೈಯಲ್ಲಿ ಕಬ್ಬಿಣ ಹಿಡಿಸುವುದು, ಚಪ್ಪಲಿ ಮೂಸಿಸುವುದು, ಈರುಳ್ಳಿ ಹಿಂಡುವುದು, ಹಲ್ಲಿನ ನಡುವೆ ಚಮಚ ತುರುಕುವುದು ಇವೆಲ್ಲ ವ್ಯರ್ಥ. ಕೊನೆಯದಂತೂ ಹಲ್ಲು ಮುರಿದು ಉಸಿರು ಕಟ್ಟಿಸುತ್ತದೆ. ಐದು ನಿಮಿಷ ದಾಟಿದರೆ ತಕ್ಷಣ ಸಾಗಿಸಿರಿ. ಬೇಗ ನಿಂತರೂ ಮೊದಲ ಬಾರಿಯಾದರೆ ತೋರಿಸಲೇಬೇಕು, ಏಕೆಂದರೆ ಮೆದುಳಿನ ಪೊರೆಯ ಸೋಂಕಿದೆಯೇ ಎಂಬುದನ್ನು ವೈದ್ಯರು ಪರಿಶೀಲಿಸಬೇಕಾಗುತ್ತದೆ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಬಾರದು. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಮಾತ್ರ.

ವಾಂತಿ–ಭೇದಿಯ ಔಷಧಿ ಮನೆಯಲ್ಲಿಯೇ ಇದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ತುತ್ತಾಗುತ್ತಿದ್ದಾಗ ಸಲೈನ್ ತೀರಿಹೋಗತೊಡಗಿತು. ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು. ಅದೇ ಇಂದಿನ ಓ.ಆರ್.ಎಸ್. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಹಾಕಬೇಕು. ಅರ್ಧ ಪೊಟ್ಟಣ, ಒಂದು ಲೋಟ ಎಂದು ಅಂದಾಜಿನಿಂದ ಮಾಡಿದರೆ ಉಪ್ಪು ಹೆಚ್ಚಾಗಿ ಕೆಡುಕಾಗುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರು, ದೊಡ್ಡ ಮಗುವಿಗೆ 100ರಿಂದ 200. ಚಮಚದಿಂದ ಗುಟುಕು ಗುಟುಕಾಗಿ ಕುಡಿಸಿ, ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಕೊಡಿರಿ. ಎದೆಹಾಲು ನಿಲ್ಲಿಸಬೇಡಿರಿ. ಸತುವಿನ ಮಾತ್ರೆಯನ್ನು ವೈದ್ಯರು ಹೇಳಿದಂತೆ 14 ದಿನ ಕೊಡಿರಿ. ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮೆಲ್ಲಗೆ ಹಿಂದಿರುಗಿದರೆ, ಭೇದಿಯಲ್ಲಿ ರಕ್ತ ಕಂಡರೆ ಆಸ್ಪತ್ರೆಯೇ ಗತಿ.

ಕಡಲೆ, ಶೇಂಗಾ, ಹುಣಸೆಬೀಜ ಗಂಟಲಿಗೆ ಸಿಕ್ಕಿ ಮಗು ಅಳಲೂ ಕೆಮ್ಮಲೂ ಆಗದೆ ಒದ್ದಾಡುವಾಗ ವಾಹನಕ್ಕೆ ಕಾಯುವಷ್ಟು ಹೊತ್ತಿರುವುದಿಲ್ಲ. ವರ್ಷದೊಳಗಿನ ಕೂಸನ್ನು ಮುಂಗೈಯ ಮೇಲೆ ತಲೆ ಕೆಳಗಾಗಿ ಬೋರಲು ಹಿಡಿದು ಬೆನ್ನಿನ ನಡುವೆ ಐದು ಬಾರಿ ತಟ್ಟಬೇಕು. ತಿರುಗಿಸಿ ಎದೆಯ ನಡುವೆ ಎರಡು ಬೆರಳುಗಳಿಂದ ಐದು ಬಾರಿ ಒತ್ತಬೇಕು. ದೊಡ್ಡ ಮಗುವಿಗೆ ಬೆನ್ನಿನ ಮೇಲೆ ಐದು ಏಟು, ಆನಂತರ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತು. ಸಿಕ್ಕಿದ್ದು ಕಣ್ಣಿಗೆ ಕಾಣದಿದ್ದರೆ ಬೆರಳು ಹಾಕಿ ತಡಕಬಾರದು. ಬಿಸಿನೀರು, ಸಾರು ಚೆಲ್ಲಿ ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿರಿ. ಟೂತ್‌ಪೇಸ್ಟ್, ಶಾಯಿ, ತುಪ್ಪ ಹಚ್ಚಬೇಡಿರಿ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬೇಡಿರಿ.

ಪ್ರಾರ್ಥನೆ ಮತ್ತು ಔಷಧಿ

ತಡವಾಗುವುದು ಮಂತ್ರ–ತಂತ್ರದವರ ಮನೆಯಲ್ಲಿ ಮಾತ್ರವಲ್ಲ. ನಮ್ಮಲ್ಲಿಯೂ ‘ಮೊದಲು ಪ್ರಾರ್ಥನೆ ಮಾಡಿಸೋಣ, ಆಮೇಲೆ ನೋಡೋಣ’ ಎಂದು ಗಂಟೆಗಟ್ಟಲೆ ಕಳೆಯುವವರಿದ್ದಾರೆ. ಪವಿತ್ರ ಗ್ರಂಥ ಹಾಗೆ ಹೇಳಿಲ್ಲ. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ದೇವರನ್ನು ಪ್ರಾರ್ಥಿಸೆಂದೂ ಹೇಳುತ್ತದೆ, ವೈದ್ಯನಿಗೆ ಅವನ ಸ್ಥಾನ ಕೊಡೆಂದೂ ಹೇಳುತ್ತದೆ. ಭೂಮಿಯಿಂದ ಔಷಧಿಗಳನ್ನು ಉಂಟುಮಾಡಿದವನು ದೇವರೇ ಎನ್ನುತ್ತದೆ. ಸಂತ ಲೂಕರು ಸ್ವತಃ ವೈದ್ಯರೆಂಬುದು ನಮ್ಮ ಪರಂಪರೆ. ಶರಣರ ನೆಲವಾದ ಬಸವಕಲ್ಯಾಣದ ಪರಂಪರೆಯಲ್ಲಿಯೂ 12ನೆಯ ಶತಮಾನದ ವಚನಕಾರರಲ್ಲಿ ವೈದ್ಯ ಸಂಗಣ್ಣ ಎಂಬ ವೈದ್ಯರಿದ್ದರು. ಭಕ್ತಿಗೂ ವೈದ್ಯಕ್ಕೂ ಈ ನೆಲದಲ್ಲಿ ಹಗೆತನವಿರಲಿಲ್ಲ.

ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರವನ್ನು ಕುರಿತೂ ಒಂದು ತಪ್ಪು ತಿಳಿವಳಿಕೆಯಿದೆ. ಅದು ಸಾಯುವವರಿಗೆ ಮಾತ್ರವೆಂದು ತಿಳಿದು, ಗುರುಗಳು ಬಂದರೆ ರೋಗಿ ಹೆದರಿಯಾನೆಂದು ಕೆಲವರು ಕರೆಯುವುದೇ ಇಲ್ಲ. ಇನ್ನು ಕೆಲವರು ಗುರುಗಳು ಬರುವವರೆಗೆ ರೋಗಿಯನ್ನು ಮನೆಯಲ್ಲಿಯೇ ಇರಿಸಿಕೊಳ್ಳುತ್ತಾರೆ. ಕೊನೆಯುಸಿರಿನಲ್ಲಿ ಇರುವವರಿಗಷ್ಟೇ ಈ ಸಂಸ್ಕಾರ ಮೀಸಲಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸ್ಪಷ್ಟಪಡಿಸಿತು. ಗುರುಗಳು ಆಸ್ಪತ್ರೆಗೇ ಬರಬಲ್ಲರು. ದಾರಿಯಲ್ಲಿ ಜಪಸರ ಹೇಳಬಹುದು. ಜ್ಞಾನಸ್ನಾನವಾಗದ ಕೂಸು ಪ್ರಾಣಾಪಾಯದಲ್ಲಿದ್ದರೆ, ಧರ್ಮಸಭೆಯ ಉದ್ದೇಶವನ್ನೇ ಮನದಲ್ಲಿಟ್ಟು, ತಲೆಯ ಮೇಲೆ ನೀರು ಹೊಯ್ಯುತ್ತಾ, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಅದಕ್ಕೂ ವಾಹನ ನಿಲ್ಲಿಸಬೇಕಾಗಿಲ್ಲ.

ಧರ್ಮಕೇಂದ್ರಗಳು ಮಾಡಬಹುದಾದ್ದು

2005ರಲ್ಲಿ ಸ್ಥಾಪಿತವಾದ ಕಲಬುರಗಿ ಧರ್ಮಕ್ಷೇತ್ರಕ್ಕೆ ಬೀದರ್ ಜಿಲ್ಲೆಯೂ ಸೇರಿದೆ. ನಮ್ಮ ಕುಟುಂಬಗಳು ಇಲ್ಲಿ ಕಡಿಮೆ, ಹಳ್ಳಿಗಳಲ್ಲಿ ಚದುರಿ ಇವೆ. ಅದಕ್ಕಾಗಿಯೇ ಒಬ್ಬರಿಗೊಬ್ಬರು ಆಸರೆಯಾಗಬೇಕು. ನಮ್ಮ ಸಲಹೆಗಳು ದೊಡ್ಡವಲ್ಲ. ದೇವಾಲಯದ ಬಾಗಿಲ ಬಳಿ ಒಂದು ಹಾಳೆ ಅಂಟಿಸಿರಿ. 2008ರ ನವೆಂಬರ್ 1ರಿಂದ ರಾಜ್ಯದಲ್ಲಿರುವ 108ರ ಸಂಖ್ಯೆ, ತಾಲ್ಲೂಕು ಆಸ್ಪತ್ರೆಯ ದೂರವಾಣಿ, ರಾತ್ರಿ ವಾಹನ ಕೊಡಲೊಪ್ಪುವ ಇಬ್ಬರು ಮೂವರ ಸಂಖ್ಯೆ ಅದರಲ್ಲಿರಲಿ. ಹಾವಿನ ಪ್ರತಿವಿಷ, ಹೃದಯದ ಚುಚ್ಚುಮದ್ದು, ಸಿ.ಟಿ. ಸ್ಕ್ಯಾನ್ ಎಲ್ಲೆಲ್ಲಿ ದೊರೆಯುತ್ತವೆಂಬುದನ್ನು ಇಂದೇ ವಿಚಾರಿಸಿ ಅದೇ ಹಾಳೆಯಲ್ಲಿ ಬರೆಯಿರಿ. ಅಪಾಯ ಬಂದ ರಾತ್ರಿ ವಿಚಾರಿಸಲು ಹೊತ್ತಿರುವುದಿಲ್ಲ. ಪಡಿತರ ಚೀಟಿ, ಆಧಾರ್ ಚೀಟಿಗಳು ಮಾತ್ರೆಯ ಚೀಲದ ಜೊತೆಗೇ ಇರಲಿ.

ಸಂತ ದ್ವಿತೀಯ ಜಾನ್ ಪಾಲರು 1992ರಲ್ಲಿ ವಿಶ್ವ ರೋಗಿಗಳ ದಿನವನ್ನು ಘೋಷಿಸಿದರು. 1993ರಿಂದ ಪ್ರತಿವರ್ಷ ಫೆಬ್ರುವರಿ 11ರಂದು, ಲೂರ್ದು ಮಾತೆಯ ಸ್ಮರಣೆಯ ದಿನ, ಅದನ್ನು ಆಚರಿಸುತ್ತೇವೆ. ಆ ದಿನ ಬಲಿಪೂಜೆಯ ನಂತರ ವೈದ್ಯರನ್ನೋ ನರ್ಸ್ ಸಿಸ್ಟರನ್ನೋ ಕರೆಸಿ, ಒಂದು ಗಂಟೆ ಕಾಲ ಉಸಿರು ಎಣಿಸುವುದನ್ನು, ಓ.ಆರ್.ಎಸ್. ಕಲಸುವುದನ್ನು, ಗಂಟಲಿಗೆ ಸಿಕ್ಕಿದುದನ್ನು ತೆಗೆಯುವುದನ್ನು ಕೈಯಾರೆ ಮಾಡಿಸಿದರೆ ಹೇಗೆ? ನೆರೆಯ ಲಿಂಗಾಯತ, ಮುಸ್ಲಿಂ, ಮೆಥಡಿಸ್ಟ್ ಮನೆಗಳವರನ್ನೂ ಕರೆಯಿರಿ. ಹಾವು ಮತ ನೋಡಿ ಕಚ್ಚುವುದಿಲ್ಲ, ಸಮಾರಿಯದವನೂ ಮತ ನೋಡಿ ಎತ್ತಲಿಲ್ಲ.

ಆ ಕಥೆಯಲ್ಲಿ ಯಾಜಕನೂ ಲೇವಿಯನೂ ಕೆಟ್ಟವರೆಂದು ಯೇಸುಸ್ವಾಮಿ ಹೇಳಲಿಲ್ಲ. ಅವರು ಕಂಡರು, ಬದಿಗೆ ಸರಿದು ಮುಂದೆ ಹೋದರು, ಅಷ್ಟೇ. ಮನೆಯೊಳಗೆ ನಮ್ಮ ತಂದೆಯೋ ಮಗುವೋ ಬೆವರುತ್ತಾ ಏದುಸಿರು ಬಿಡುವಾಗ ‘ಬೆಳಗಾಗಲಿ’ ಎಂದು ಮಗ್ಗುಲು ಬದಲಿಸುವ ನಾವೂ ಕಂಡು ಮುಂದೆ ಹೋದವರೇ ಆಗುತ್ತೇವೆ. ಪ್ರತಿಯೊಂದು ಮನೆಯಲ್ಲಿಯೂ ಅಪಾಯದ ಗುರುತು ಬಲ್ಲವರೊಬ್ಬರು ಇರಲಿ, ಹೊರಡಲು ಅಂಜದವರೊಬ್ಬರು ಇರಲಿ. ರೋಗಿಗಳ ಆರೋಗ್ಯವಾದ ಮರಿಯಮ್ಮನವರು ನಮ್ಮ ಮನೆಗಳನ್ನು ಕಾಪಾಡಲಿ.